ಪೊಲೀಸರ ಮೇಲೆ ದೂರು: ಕೋಲಾರದವರು ಯಾವ ಬಾಗಿಲು ತಟ್ಟಬೇಕು?

ಠಾಣೆಯಲ್ಲಿ ದೂರು ತೆಗೆದುಕೊಳ್ಳಲಿಲ್ಲ ಎಂಬುದು ಒಂದು ಸಂಕಟ, ಠಾಣೆಯಲ್ಲೇ ಹೊಡೆದರು ಎಂಬುದು ಇನ್ನೊಂದು. ಎರಡಕ್ಕೂ ಒಂದೇ ಅರ್ಜಿ ಬರೆದು ಎಲ್ಲರಿಗೂ ಪ್ರತಿ ಕಳುಹಿಸುವವರೇ ಹೆಚ್ಚು. ಬಾಗಿಲುಗಳು ಮೂರು: ನ್ಯಾಯಾಲಯ, ಮಾನವ ಹಕ್ಕುಗಳ ಆಯೋಗ, ಪೊಲೀಸ್ ದೂರು ಪ್ರಾಧಿಕಾರ.

ಎಫ್‌ಐಆರ್ ನಿರಾಕರಿಸಿದರೆ ನನ್ನ ಮತ ನ್ಯಾಯಾಲಯದ ದಾರಿಗೆ. ಹಳೆಯ ಸಿಆರ್‌ಪಿಸಿಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(4)ರಂತೆ ಮೊದಲು ಎಸ್‌ಪಿಗೆ ಅಂಚೆಯಲ್ಲಿ ಲಿಖಿತ ದೂರು ಕಳುಹಿಸಬೇಕು. ಅದೂ ಫಲಿಸದಿದ್ದರೆ ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು; ಅವರು ತನಿಖೆಗೆ ಆದೇಶಿಸಬಲ್ಲರು. ಬಂಗಾರಪೇಟೆಯವರು ವಿಳಾಸ ತಪ್ಪಬಾರದು: ಜಿಲ್ಲೆ ಕೋಲಾರವಾದರೂ ಅವರ ಎಸ್‌ಪಿ ಕೆಜಿಎಫ್‌ನವರು. ವಕೀಲರ ಖರ್ಚಿನ ಚಿಂತೆಯೇ? ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ನೆರವು ಕೊಡುತ್ತದೆ.

ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಶುಲ್ಕವೂ ಬೇಡ, ವಕೀಲರೂ ಬೇಡ. ಆದರೆ ಘಟನೆ ನಡೆದು ಒಂದು ವರ್ಷ ದಾಟಿರಬಾರದು. ಪರಿಹಾರ, ಕ್ರಮ ಎಲ್ಲವೂ ಶಿಫಾರಸು ಮಾತ್ರ. ಜಾರಿ ಸರ್ಕಾರದ ಕೈಯಲ್ಲಿ. ಅವಮಾನ, ಅಕ್ರಮ ಬಂಧನಕ್ಕೆ ಇದು ಒಳ್ಳೆಯ ದಾರಿಯೇ.

ಪೊಲೀಸ್ ದೂರು ಪ್ರಾಧಿಕಾರ ಪೊಲೀಸ್ ಸುಧಾರಣೆ ಕುರಿತು ಸುಪ್ರೀಂ ಕೋರ್ಟ್ 2006ರಲ್ಲಿ ಕೊಟ್ಟ ಪ್ರಕಾಶ್ ಸಿಂಗ್ ತೀರ್ಪಿನ ಕೂಸು. ಲಾಕಪ್ ಸಾವು, ತೀವ್ರ ಗಾಯ, ಅತ್ಯಾಚಾರದಂಥ ಗಂಭೀರ ದುರ್ನಡತೆ ಅದರ ವ್ಯಾಪ್ತಿ. ಒರಟು ಮಾತಿಗೆಲ್ಲ ಅಲ್ಲಿಗೆ ಓಡುವುದು ವ್ಯರ್ಥ.

ಹೊಡೆತ ಬಿದ್ದಿದ್ದರೆ ದಾರಿ ಆರಿಸುವ ಮೊದಲೇ ಸರ್ಕಾರಿ ಆಸ್ಪತ್ರೆಯಲ್ಲಿ ಗಾಯ ದಾಖಲಿಸಿಕೊಳ್ಳಿ, ಠಾಣೆಯ ಸಿಸಿಟಿವಿ ದೃಶ್ಯ ಕಾಯ್ದಿರಿಸಲು ಲಿಖಿತವಾಗಿ ಕೇಳಿ. ಠಾಣೆಗಳಲ್ಲಿ ಕ್ಯಾಮೆರಾ ಇರಲೇಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಆದೇಶಿಸಿದೆ.