256 ಜಿಬಿಯ ಒಂದು ಮೆಮೊರಿ ಕಾರ್ಡೋ, 128ರ ಎರಡೋ?

ಮೊದಲು ಕ್ಯಾಮೆರಾದ ಕೈಪಿಡಿ ನೋಡಿ. ಎಸ್‌ಡಿಎಚ್‌ಸಿ ಎಂಬ ಹಳೆಯ ಬಗೆಯ ಕಾರ್ಡಿನ ಕಾಲದ ಕ್ಯಾಮೆರಾ 32 ಜಿಬಿ ಮೀರಿದ ಕಾರ್ಡನ್ನು ಗುರುತಿಸದಿದ್ದರೆ ಈ ಚರ್ಚೆಯೇ ಬೇಡ.

ಮದುವೆಯನ್ನು 4ಕೆ ವಿಡಿಯೊ ಮಾಡುವವರಿಗೆ ದೊಡ್ಡದೇ ಅನುಕೂಲ. ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಗಂಟೆಗೆ ಸುಮಾರು 45 ಜಿಬಿ ಬೇಕು. ಧಾರೆಯ ಹೊತ್ತಿನಲ್ಲಿ ಕಾರ್ಡ್ ಬದಲಿಸುತ್ತ ಕೂರಲಾಗದು.

ಕಬಿನಿ ಸಫಾರಿಗೆ ಹೊರಟವರಿಗೆ ಎರಡು ಕಾರ್ಡ್ ಎನ್ನುತ್ತೇನೆ. ಒಂದು ಕೆಟ್ಟರೂ ಅರ್ಧದಷ್ಟು ಚಿತ್ರಗಳಾದರೂ ಉಳಿಯುತ್ತವೆ. ಆದರೆ ಕುಲುಕುವ ಜೀಪಿನಲ್ಲಿ ಅಂಚೆಚೀಟಿಯಷ್ಟಿರುವ ಆ ಕಾರ್ಡ್ ಕೈಜಾರಿ ಸೀಟಿನ ಸಂದಿಗೆ ಬಿದ್ದರೆ ಹುಲಿಗಿಂತ ಅದನ್ನೇ ಹುಡುಕಬೇಕಾದೀತು! ಕ್ಯಾಮೆರಾದಲ್ಲಿ ಎರಡು ಸ್ಲಾಟ್ ಇದ್ದರೆ ಆ ತಾಪತ್ರಯವಿಲ್ಲ.

ದುಡ್ಡು ಹೆಚ್ಚು ಬೇಡುವುದು ವೇಗ. ಮೇಲಿನ ವಿಡಿಯೊಗೆ ವಿ30 (ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುವ ವೇಗದ ದರ್ಜೆ) ಧಾರಾಳವಾಗಿ ಸಾಕು. ಹಾರುವ ಹಕ್ಕಿಯನ್ನು ಎಡೆಬಿಡದೆ ಕ್ಲಿಕ್ಕಿಸುವವರಿಗೆ, ಅದೂ ಕ್ಯಾಮೆರಾ ಯುಎಚ್‌ಎಸ್-2 ಎಂಬ ಹೆಚ್ಚು ವೇಗದ ಕಾರ್ಡ್ ಸಂಪರ್ಕವನ್ನು ಒಪ್ಪುವುದಾದರೆ, ದುಬಾರಿ ವಿ90 ಸಾರ್ಥಕ.