ಹಳೇ ಕಾರಿನ ಸೊಲೆನಾಯ್ಡ್ ಪರೀಕ್ಷೆಗೆ ಕೈಯಲ್ಲಿ ಒತ್ತುವ ವ್ಯಾಕ್ಯೂಮ್ ಪಂಪ್

ಚೆಕ್ ಎಂಜಿನ್ ದೀಪ ಹತ್ತಿ, ಸ್ಕ್ಯಾನರ್‌ನಲ್ಲಿ ಪಿ0441 (ಪೆಟ್ರೋಲ್ ಆವಿಯ ಹರಿವು ಸರಿಯಿಲ್ಲ ಎಂಬ ಕೋಡ್) ಕಂಡ ಕೂಡಲೇ ಹೊಸ ಪರ್ಜ್ ಸೊಲೆನಾಯ್ಡ್ (ಆ ಆವಿಯನ್ನು ಎಂಜಿನ್ನಿಗೆ ಬಿಡುವ, ಕರೆಂಟ್‌ನಿಂದ ನಡೆಯುವ ವಾಲ್ವ್) ತಂದು ಹಾಕುವವರೇ ಹೆಚ್ಚು. ಹಾಕಿದ ಮೇಲೂ ದೀಪ ಮತ್ತೆ ಹತ್ತುವುದುಂಟು. ಕೋಡ್ ಹೇಳುವುದು ಎಲ್ಲಿ ಹುಡುಕಬೇಕು ಎಂದಷ್ಟೇ. ವಾಲ್ವ್ ಕೆಟ್ಟಿದೆಯೋ ಇಲ್ಲವೋ ಎಂದು ಕಣ್ಣಿಗೆ ಕಾಣುವಂತೆ ತೋರಿಸುವುದು ಕೈಯಲ್ಲಿ ಒತ್ತಿ ಗಾಳಿ ಎಳೆಯುವ ಈ ವ್ಯಾಕ್ಯೂಮ್ ಪಂಪ್. ಗೇಜ್, ಹಿಡಿಕೆ, ರಬ್ಬರ್ ಪೈಪ್, ನಾಲ್ಕಾರು ಅಡಾಪ್ಟರ್: ಕಿಟ್‌ನಲ್ಲಿ ಮುಖ್ಯವಾಗಿ ಇರುವುದು ಇಷ್ಟೇ.

ಕೊಳ್ಳುವುದಾದರೆ ಲೋಹದ ಬಾಡಿಯದ್ದೇ ಕೊಳ್ಳಿ. ಅಗ್ಗದ ಪ್ಲಾಸ್ಟಿಕ್ ಪಂಪ್‌ಗಳಲ್ಲಿ ಗೇಜ್ ಕೂರುವ ಜಾಗ ಬಿರುಕು ಬಿಟ್ಟು ಅಲ್ಲೇ ಗಾಳಿ ಎಳೆಯುತ್ತದೆ. ಆಗ ಒಳ್ಳೆಯ ವಾಲ್ವ್ ಕೂಡ ಕೆಟ್ಟದ್ದಾಗಿ ಕಾಣುತ್ತದೆ. ಅದಕ್ಕೇ ಮೊದಲ ಪರೀಕ್ಷೆ ಪಂಪಿನದ್ದೇ ಆಗಬೇಕು. ಪೈಪಿನ ತುದಿಗೆ ಬಿಗಿಯಾದ ಬೋಲ್ಟ್ ಸಿಕ್ಕಿಸಿ, ಗೇಜ್ ಪಾದರಸದ 20 ಇಂಚು (inHg) ತೋರಿಸುವವರೆಗೆ ಎಳೆದು ಒಂದು ನಿಮಿಷ ಬಿಡಿ. ಮುಳ್ಳು ಕದಲಬಾರದು. ಇಳಿಯುತ್ತಿದ್ದು ಬಾಡಿ, ಪೈಪ್ ಸರಿಯಿದ್ದರೆ ಪಿಸ್ಟನ್ ಸೀಲ್ ಒಣಗಿರಬಹುದು. ಎರಡು ಹನಿ ಸಿಲಿಕೋನ್ ಎಣ್ಣೆ ಬಿಟ್ಟು ನೋಡಿ. ಎಂಜಿನ್ ಆಯಿಲ್ ಬೇಡ, ಕೆಲವು ಬಗೆಯ ರಬ್ಬರ್ ಅದರಿಂದ ಊದಿಕೊಳ್ಳುತ್ತದೆ.

ಪರ್ಜ್ ವಾಲ್ವ್‌ನಲ್ಲಿ ಈ ಪಂಪಿಗೆ ಸಾಟಿಯಿಲ್ಲ. ಎಂಜಿನ್ ತಣ್ಣಗಾದ ಮೇಲೆ ವಾಲ್ವ್ ಬಿಚ್ಚಿ ಕಾರಿನಿಂದ ದೂರ ತನ್ನಿ, ಪೆಟ್ರೋಲ್ ಆವಿಯ ಹತ್ತಿರ ಕಿಡಿ ಹಾರಬಾರದು. ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆ) ಕಡೆಯ ನಳಿಕೆಗೆ ಪಂಪ್ ಜೋಡಿಸಿ ಎಳೆಯಿರಿ. ಸಾಮಾನ್ಯವಾಗಿ ಈ ವಾಲ್ವ್ ಕರೆಂಟ್ ಇಲ್ಲದಾಗ ಮುಚ್ಚಿರುತ್ತದೆ, ಹಾಗಾಗಿ ಮುಳ್ಳು ನಿಲ್ಲಬೇಕು. ಆಮೇಲೆ 2 ಆಂಪ್ ಫ್ಯೂಸ್ ಇರುವ ತಂತಿಯಲ್ಲಿ 12 ವೋಲ್ಟ್ ಕೊಡಿ: ಟಕ್ ಎಂದು ಸದ್ದಾಗಿ ಮುಳ್ಳು ಸರ್ರನೆ ಸೊನ್ನೆಗೆ ಬೀಳಬೇಕು. ಒಳಗೆ ಡಯೋಡ್ ಇರುವ ಸೊಲೆನಾಯ್ಡ್‌ಗಳೂ ಇವೆ, ಪ್ಲಸ್ ಮೈನಸ್ ನೋಡಿಕೊಂಡೇ ಕೊಡಿ.

ಟಕ್ ಸದ್ದೊಂದನ್ನೇ ನಂಬಬೇಡಿ. ಕಾಯಿಲ್ (ಒಳಗಿನ ತಂತಿಸುರುಳಿ) ಎಳೆದರೂ ಕಸ ಸಿಕ್ಕಿಕೊಂಡು ವಾಲ್ವ್ ಪೂರ್ತಿ ಮುಚ್ಚದೇ ಇರಬಹುದು. ಪೆಟ್ರೋಲ್ ತುಂಬಿಸಿದ ಮೇಲೆ ಸ್ಟಾರ್ಟ್ ಆಗಲು ಸತಾಯಿಸುವ ಕಾರುಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ವಾಲ್ವ್‌ನ್ನು ಬಿಳಿ ಕಾಗದದ ಮೇಲೆ ತಟ್ಟಿ. ಸಾಸಿವೆಗಿಂತ ಸಣ್ಣ ಕಪ್ಪು ಕಾಳುಗಳು ಉದುರಿದರೆ ಅದು ಕ್ಯಾನಿಸ್ಟರ್ (ಪೆಟ್ರೋಲ್ ಆವಿ ಹಿಡಿದಿಡುವ ಇದ್ದಿಲಿನ ಡಬ್ಬಿ) ಒಡೆದು ಬಂದ ಇದ್ದಿಲು. ಕ್ಯಾನಿಸ್ಟರ್ ಬದಲಿಸಿ, ಪೈಪ್ ಊದಿ ಸ್ವಚ್ಛ ಮಾಡದೆ ಹೊಸ ವಾಲ್ವ್ ಹಾಕಿದರೆ ಅದೂ ಹೀಗೇ ಕಚ್ಚಿಕೊಳ್ಳುತ್ತದೆ.

ಇಜಿಆರ್ ಎಂದರೆ ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಎಂಜಿನ್ನಿಗೆ ಬಿಡುವ ವಾಲ್ವ್; ಅದಕ್ಕೆ ವ್ಯಾಕ್ಯೂಮ್ ಕೊಡುವ ಮೂರು ನಳಿಕೆಯ ಸೊಲೆನಾಯ್ಡ್‌ಗೆ ಲೆಕ್ಕವೇ ಬೇರೆ. ಸಾಮಾನ್ಯ ಜೋಡಣೆಯಲ್ಲಿ ಕರೆಂಟ್ ಇಲ್ಲದಾಗ ಇಜಿಆರ್ ಕಡೆಯ ನಳಿಕೆ ಹೊರಗಿನ ಗಾಳಿಗೆ ತೆರೆದಿರುತ್ತದೆ. ಅಲ್ಲಿ ಪಂಪ್ ಎಷ್ಟು ಒತ್ತಿದರೂ ಮುಳ್ಳು ಏರಬಾರದು. ಏರಿದರೆ ಗಾಳಿ ಬರುವ ಕಿಂಡಿಯ ಸ್ಪಾಂಜ್ ಫಿಲ್ಟರ್ ಕಟ್ಟಿಕೊಂಡಿದೆಯೇ ನೋಡಿ. ಅದು ಕಟ್ಟಿಕೊಂಡರೆ ವ್ಯಾಕ್ಯೂಮ್ ಇಳಿಯದೆ ಇಜಿಆರ್ ತೆರೆದೇ ಉಳಿದು ಐಡಲ್‌ನಲ್ಲಿ (ಕಾರು ನಿಂತಿದ್ದು ಎಂಜಿನ್ ಓಡುವಾಗ) ಎಂಜಿನ್ ನಡುಗುತ್ತದೆ. ಇನ್ನು ಕರೆಂಟ್ ಕೊಟ್ಟು, ಮ್ಯಾನಿಫೋಲ್ಡ್ ಕಡೆಯ ನಳಿಕೆಯನ್ನು ಬೆರಳಿನಿಂದ ಮುಚ್ಚಿ ಎಳೆದರೆ ವ್ಯಾಕ್ಯೂಮ್ ನಿಲ್ಲಬೇಕು. ಕೆಲವು ಮಾದರಿಗಳಲ್ಲಿ ಇದು ತಿರುಗುಮುರುಗು, ಆ ಕಾರಿನ ವ್ಯಾಕ್ಯೂಮ್ ನಕ್ಷೆ ಪಕ್ಕದಲ್ಲಿರಲಿ.

ವೈರಿಂಗ್ ದೋಷ ಹುಡುಕಲು ಈ ಪಂಪ್‌ನಿಂದ ಆಗದು. ಪಿ0443 (ಪರ್ಜ್ ವಾಲ್ವ್‌ನ ವಿದ್ಯುತ್ ಸರ್ಕ್ಯೂಟ್ ದೋಷದ ಕೋಡ್) ಬಂದಿದ್ದರೆ ಮಲ್ಟಿಮೀಟರ್ ಎತ್ತಿಕೊಳ್ಳಿ. ಕನೆಕ್ಟರ್ ಬಿಚ್ಚಿ ಇಗ್ನಿಷನ್ ಆನ್ ಮಾಡಿದಾಗ ಸಾಮಾನ್ಯವಾಗಿ ಎರಡರಲ್ಲಿ ಒಂದು ತಂತಿಗೆ ಬ್ಯಾಟರಿ ವೋಲ್ಟೇಜ್ ಬರಬೇಕು. ಇನ್ನೊಂದನ್ನು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಅರ್ಥ್ ಮಾಡುತ್ತದೆ. ಕಾಯಿಲ್ ಬಹುತೇಕ ಕಾರುಗಳಲ್ಲಿ 20ರಿಂದ 40 ಓಮ್ ತೋರಿಸುತ್ತದೆ, ನಿಖರ ಅಂಕಿ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದಾಗ ಕೈಕೊಡುವ ಕಾಯಿಲ್‌ಗಳಿವೆ: ಹೇರ್ ಡ್ರೈಯರ್‌ನಿಂದ ಬಿಸಿ ಮಾಡುತ್ತಾ ಓಮ್ ನೋಡಿ, ಇದ್ದಕ್ಕಿದ್ದಂತೆ ಓಪನ್ (ತಂತಿ ಕಡಿದಂತೆ) ತೋರಿಸಿದರೆ ಅದೇ ಕಳ್ಳ. ಪಿ0456ರಂಥ ಸೂಜಿಮೊನೆಯ ಸೋರಿಕೆಗೂ ಪಂಪ್ ಸಾಲದು, ಹೊಗೆ ಬಿಟ್ಟು ಸೋರಿಕೆ ಹುಡುಕುವ ಸ್ಮೋಕ್ ಮೆಷಿನ್ ಇರುವ ಗ್ಯಾರೇಜ್‌ಗೇ ಹೋಗಬೇಕು.