ಜೊಹೊ ಸಿಆರ್‌ಎಂ: ಸೋಲಾರ್ ವಾಟರ್ ಹೀಟರ್ ಡೀಲರ್‌ಗಳಿಗೆ ಒಂದು ದೀರ್ಘಾವಧಿ ವಿಮರ್ಶೆ

ಸೋಲಾರ್ ವಾಟರ್ ಹೀಟರ್ ಮಾರುವ ನಾಲ್ಕೈದು ಜನರ ಡೀಲರ್‌ಶಿಪ್‌ಗೆ, ಗಿರಾಕಿಗಳ ಮಾಹಿತಿ ಮತ್ತು ಮಾರಾಟದ ಲೆಕ್ಕ ಇಡುವ ಸಾಫ್ಟ್‌ವೇರ್ ಆದ ಜೊಹೊ ಸಿಆರ್‌ಎಂ ಧಾರಾಳವಾಗಿ ಸಾಕು. ಉಚಿತ ಆವೃತ್ತಿ 3 ಜನರಿಗೆ ಮಾತ್ರ. ದುಡ್ಡು ಉಳಿಸಲೆಂದು ಇಬ್ಬರು ಒಂದೇ ಲಾಗಿನ್ ಬಳಸಿದರೆ, ಯಾರು ಫೋನ್ ಮಾಡಿದರು, ಯಾರು ರೇಟ್ ಇಳಿಸಿದರು ಎಂಬುದೆಲ್ಲ ಒಬ್ಬರ ಹೆಸರಲ್ಲೇ ದಾಖಲಾಗುತ್ತದೆ. ಅದಕ್ಕಿಂತ ಎಕ್ಸೆಲ್ ಶೀಟೇ ವಾಸಿ.

ವರ್ಷ ಕಳೆದರೂ ಬಿಡದೆ ಕಾಡುವ ತೊಂದರೆಗಳು ಬಹುಪಾಲು ಮೊದಲ ವಾರದ ಇಂಪೋರ್ಟ್‌ನಲ್ಲಿ, ಅಂದರೆ ಹಳೆಯ ಎಕ್ಸೆಲ್ ಪಟ್ಟಿಯನ್ನು ಸಿಆರ್‌ಎಂಗೆ ಏರಿಸುವಾಗ, ಹುಟ್ಟಿದವು. ಹಳೆಯ ಶೀಟ್‌ನಲ್ಲಿ ಒಂದೇ ಗಿರಾಕಿಯ ಮೊಬೈಲ್ ನಂಬರ್ ಒಮ್ಮೆ +91 ಹಚ್ಚಿಕೊಂಡು, ಒಮ್ಮೆ ಮುಂದೆ ಸೊನ್ನೆ ಇಟ್ಟುಕೊಂಡು, ಇನ್ನೊಮ್ಮೆ ನಡುವೆ ಜಾಗ ಬಿಟ್ಟುಕೊಂಡು ಕೂತಿರುತ್ತದೆ. ಹಾಗೇ ಏರಿಸಿದರೆ ಒಬ್ಬನೇ ಮೂವರಾಗುತ್ತಾನೆ. 91 ಸೇರಿಸಿದ 12 ಅಂಕಿಯ ನಂಬರ್ ಅನ್ನು ಎಕ್ಸೆಲ್ ಸಾಮಾನ್ಯ ಸೆಲ್‌ನಲ್ಲಿ 9.19E+11 ಎಂದು ತೋರಿಸುತ್ತದೆ. ಏರಿಸಲೆಂದು ಶೀಟನ್ನು ಸಿಎಸ್‌ವಿ (ಬರೀ ಅಕ್ಷರ, ಅಂಕಿಗಳ ಸರಳ ಕಡತ) ಮಾಡಿದಾಗ ಕಡತದಲ್ಲಿ ಉಳಿಯುವುದೂ ಅದೇ, ಕೊನೆಯ ಅಂಕಿಗಳು ಹೋದಂತೆಯೇ. ಎಲ್ಲವನ್ನೂ 10 ಅಂಕಿಗೆ ಇಳಿಸಿ, ಕಾಲಂ ಅನ್ನು ಟೆಕ್ಸ್ಟ್ ಮಾಡಿ, ಸಿಆರ್‌ಎಂನಲ್ಲಿ ಮೊಬೈಲ್ ಫೀಲ್ಡ್‌ಗೆ 'ಡೂಪ್ಲಿಕೇಟ್ ಬೇಡ' ಎಂಬ ಗುರುತು ಹಾಕಿದ ಮೇಲೆ ಏರಿಸಿ. ಹೆಸರುಗಳು ಕನ್ನಡದಲ್ಲಿದ್ದರೆ ಸೇವ್ ಮಾಡುವಾಗ 'ಸಿಎಸ್‌ವಿ ಯುಟಿಎಫ್-8' ಆರಿಸಿ, ಇಲ್ಲವಾದರೆ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ದಿನಾಂಕದ ಮಾದರಿಯನ್ನೂ ನೋಡಿಕೊಳ್ಳಿ: 05/08 ಎಂಬುದು ಆಗಸ್ಟ್ 5 ಆಗಬೇಕು, ಮೇ 8 ಅಲ್ಲ. ಮೊದಲು ಹತ್ತು ಸಾಲು ಏರಿಸಿ, ಒಂದೊಂದನ್ನೂ ತೆರೆದು ನೋಡಿ, ಆಮೇಲೆ ಉಳಿದದ್ದು.

'ಲಾಸ್ಟ್ ನೇಮ್' ಕಡ್ಡಾಯ. ಬಸವರಾಜ ಎಂದಷ್ಟೇ ಬರೆಸುವ ಗಿರಾಕಿಗೆ ಅಡ್ಡಹೆಸರು ಎಲ್ಲಿಂದ ತರುವುದು? ಪೂರ್ತಿ ಹೆಸರನ್ನು ಆ ಫೀಲ್ಡ್‌ಗೇ ಹಾಕಿ, ಫಸ್ಟ್ ನೇಮ್ ಖಾಲಿ ಬಿಡಿ. ಚುಕ್ಕಿ, ಡ್ಯಾಶ್ ಹಾಕಿ ದಾಟಿಸಿದರೆ ಮುಂದೆ ಕೊಟೇಶನ್ ಮೇಲ್‌ನಲ್ಲಿ ಆ ಚುಕ್ಕಿಗೇ ನಮಸ್ಕಾರ ಹೋಗುತ್ತದೆ.

ಡೀಲ್‌ಗಳಿಗೆ (ನಡೆಯುತ್ತಿರುವ ಒಂದೊಂದು ವ್ಯಾಪಾರಕ್ಕೆ) ಮೊದಲೇ ಕೊಟ್ಟಿರುವ ಹಂತಗಳು ದೊಡ್ಡ ಕಂಪನಿಗಳ ಮಾರಾಟಕ್ಕೆ ಹೊಂದುವಂಥವು. ಈ ವ್ಯಾಪಾರಕ್ಕೆ ಸೈಟ್ ವಿಸಿಟ್, ಕೊಟೇಶನ್, ಅಡ್ವಾನ್ಸ್ ಬಂತು, ಫಿಟ್ಟಿಂಗ್ ಮುಗಿಯಿತು, ಕೈತಪ್ಪಿತು, ಇಷ್ಟೇ ಸಾಕು. ಕೈತಪ್ಪಿದ್ದಕ್ಕೆ ಕಾರಣ ಆರಿಸುವ ಪಟ್ಟಿಯನ್ನು ಮಾತ್ರ ಕಡ್ಡಾಯ ಮಾಡಿ. ಆರು ತಿಂಗಳ ಮೇಲೆ ಎಲ್ಲಕ್ಕಿಂತ ಉಪಯೋಗಕ್ಕೆ ಬರುವ ವರದಿ ಅದೇ.

ಲೀಡ್ ಅನ್ನು, ಅಂದರೆ ವಿಚಾರಿಸಿದ ಹೊಸ ಗಿರಾಕಿಯ ದಾಖಲೆಯನ್ನು, 'ಕನ್ವರ್ಟ್' ಮಾಡುವ ಜಾಗದಲ್ಲಿ ಹೆಚ್ಚಿನವರು ಎಡವುತ್ತಾರೆ. ಒತ್ತಿದ ಕೂಡಲೇ ಲೀಡ್ ಪಟ್ಟಿಯಿಂದ ಮಾಯವಾಗಿ ಕಾಂಟ್ಯಾಕ್ಟ್ (ವ್ಯಕ್ತಿ), ಅಕೌಂಟ್ (ಸಂಸ್ಥೆ), ಡೀಲ್ ಆಗಿ ಒಡೆಯುತ್ತದೆ. ಹುಡುಗರು 'ಲೀಡ್ ಡಿಲೀಟ್ ಆಯ್ತು ಸಾರ್' ಎಂದು ಗಾಬರಿಯಾಗುವುದು ಆಗಲೇ. ಅದು ಗಾಬರಿ ಮಾತ್ರ. ನಿಜವಾದ ನಷ್ಟ ಬೇರೆ: ನೀವೇ ಸೇರಿಸಿದ 'ಎಷ್ಟು ಲೀಟರ್', 'ತಾರಸಿ ಅಥವಾ ಶೀಟ್', 'ಬೋರ್ ನೀರೇ' ಎಂಬ ಫೀಲ್ಡ್‌ಗಳನ್ನು ಡೀಲ್‌ನಲ್ಲೂ ಸೃಷ್ಟಿಸಿ, ಸೆಟ್ಟಿಂಗ್‌ನಲ್ಲಿ ಒಂದಕ್ಕೊಂದು ಜೋಡಿಸದಿದ್ದರೆ ಆ ಮಾಹಿತಿ ಡೀಲ್‌ಗೆ ಬರುವುದೇ ಇಲ್ಲ. ಎರಡೂ ಕಡೆ ಒಂದೇ ಬಗೆಯ ಫೀಲ್ಡ್ ಇರಬೇಕು. ಫಿಟ್ಟರ್ 200 ಲೀಟರ್ ಬದಲು 100 ಲೀಟರ್ ಟ್ಯಾಂಕ್ ಹೊತ್ತು ಹೋದರೆ ಕಾರಣ ಇಲ್ಲಿ ಹುಡುಕಿ.

ಗಡಸು ನೀರಿನ ಊರುಗಳಲ್ಲಿ ಸುಣ್ಣ ಕಟ್ಟುವುದರಿಂದ ಸರ್ವಿಸ್ ಜ್ಞಾಪನೆ ಬೇಕೇ ಬೇಕು. ಫಿಟ್ಟಿಂಗ್ ದಿನಾಂಕದಿಂದ 11 ತಿಂಗಳಿಗೆ ಟಾಸ್ಕ್ ಹುಟ್ಟುವ ಹಾಗೆ ವರ್ಕ್‌ಫ್ಲೋ (ತಾನಾಗಿ ನಡೆಯುವ ನಿಯಮ) ಇಟ್ಟುಕೊಳ್ಳಿ. ಗಿರಾಕಿಗೇ ಎಸ್‌ಎಂಎಸ್ ಹೋಗಬೇಕೆಂದರೆ ವ್ಯಾಪಾರದ ಎಸ್‌ಎಂಎಸ್‌ಗಳಿಗಾಗಿ ಟೆಲಿಕಾಂ ಕಂಪನಿಗಳು ನಡೆಸುವ ಡಿಎಲ್‌ಟಿ ನೋಂದಣಿ ವ್ಯವಸ್ಥೆಯಲ್ಲಿ ಹೆಡರ್ (ಕಳಿಸುವವರ ಹೆಸರು), ಟೆಂಪ್ಲೇಟ್ (ಸಂದೇಶದ ನಮೂನೆ) ಎರಡೂ ನೋಂದಣಿಯಾಗಿರಬೇಕು. ಟೆಂಪ್ಲೇಟ್‌ಗೂ ಕಳಿಸುವ ಸಂದೇಶಕ್ಕೂ ಒಂದು ಪದ ವ್ಯತ್ಯಾಸವಾದರೂ ಆಪರೇಟರ್ ತಡೆಯುತ್ತಾರೆ, ಸಿಆರ್‌ಎಂ ಅನ್ನು ಬೈದು ಫಲವಿಲ್ಲ.

ಮಾರಾಟದವರ ಪ್ರೊಫೈಲ್‌ನಲ್ಲಿ ಎಕ್ಸ್‌ಪೋರ್ಟ್ ಅನುಮತಿ ತೆಗೆದಿಡಿ. ಯಾರಾದರೂ ಕೆಲಸ ಬಿಟ್ಟರೆ ಅದೇ ದಿನ ಲಾಗಿನ್ ನಿಷ್ಕ್ರಿಯಗೊಳಿಸಿ, ಅವರ ಲೀಡ್, ಡೀಲ್, ಬಾಕಿ ಟಾಸ್ಕ್‌ಗಳನ್ನು ಇನ್ನೊಬ್ಬರಿಗೆ ವರ್ಗಾಯಿಸಿ. ಟಾಸ್ಕ್ ವರ್ಗಾಯಿಸಲು ಮರೆತರೆ ಸರ್ವಿಸ್ ಜ್ಞಾಪನೆಗಳು ಯಾರೂ ತೆರೆಯದ ಲಾಗಿನ್‌ಗೆ ಬಂದು ಬೀಳುತ್ತಿರುತ್ತವೆ.